ಸೈಟಿಗೆ ಆಡು ಬಿಡಿಸಿದೆ: ಆರು ದಿನದ ಅನುಭವ, ಖರ್ಚಿನ ಲೆಕ್ಕ

ದಾವಣಗೆರೆಯಲ್ಲಿ ಖಾಲಿ ಸೈಟು ಇಟ್ಟುಕೊಂಡವರಿಗೆ ಮಳೆಗಾಲದ ಪಾಡು ಗೊತ್ತೇ ಇದೆ. ಜೂನ್‌ನಲ್ಲಿ ಮೊಣಕಾಲುದ್ದ ಬೆಳೆದ ಕಳೆ ಆಗಸ್ಟ್‌ಗೆ ಎದೆಮಟ್ಟ ಬಂದಿರುತ್ತದೆ. ನಮ್ಮ ಮನೆ ಶಾಮನೂರು ಕಡೆಯ ಒಂದು ಬಡಾವಣೆಯಲ್ಲಿದೆ. ಮನೆಗೆ ಅಂಟಿಕೊಂಡೇ ಅಪ್ಪ ಕೊಂಡಿಟ್ಟ 40×60 ಸೈಟಿದೆ. ಅದರಾಚೆ ಅಷ್ಟೇ ಅಗಲದ ಇನ್ನೆರಡು ಸೈಟು. ಒಂದರ ಮಾಲೀಕರು ಬೆಂಗಳೂರಿನಲ್ಲಿದ್ದಾರೆ, ಇನ್ನೊಂದು ಹರಿಹರದವರದು. ನಡುವೆ ಗೋಡೆ ಇಲ್ಲ. ಹತ್ತಾರು ವರ್ಷದಿಂದ ಯಾರೂ ಸರಿಯಾಗಿ ನೋಡಿಕೊಳ್ಳದೆ ಮೂರೂ ಸೇರಿ ಸಣ್ಣ ಕಾಡಾಗಿತ್ತು. ಹೋದ ಸೆಪ್ಟೆಂಬರ್‌ನಲ್ಲಿ, ಅದನ್ನೆಲ್ಲ ಮೇಯ್ದು ಕ್ಲೀನ್ ಮಾಡಲಿ ಅಂತ, ಅಲ್ಲಿಗೆ 28 ಆಡು ಬಿಡಿಸಿದೆ. ಆವತ್ತಿನಿಂದ ಅಂಗಡಿಗೆ ಬಂದವರೆಲ್ಲ ಅದನ್ನೇ ಕೇಳುತ್ತಾರೆ. ಅದಕ್ಕೇ ಇಲ್ಲಿ ಪೂರ್ತಿ ಬರೆದಿಡುತ್ತಿದ್ದೇನೆ.

ನನ್ನದು ಮೆಡಿಕಲ್ ಶಾಪು, ಹದಿನೆಂಟು ವರ್ಷವಾಯಿತು. ಮಳೆ ಹಿಡಿದು ಕಾಂಗ್ರೆಸ್ ಗಿಡ (ಪಾರ್ಥೇನಿಯಂ) ಬಿಳಿ ಹೂ ಬಿಟ್ಟಿತು ಅಂದರೆ ಅಲರ್ಜಿ ಮಾತ್ರೆ ಸೆಟ್ರಿಜಿನ್ ಕೇಳುವವರು ಜಾಸ್ತಿ ಆಗುತ್ತಾರೆ. ಮೂಗು ಸೋರುತ್ತದೆ, ಕಣ್ಣು ಕೆಂಪಗಾಗುತ್ತದೆ, ಕತ್ತಿನ ಸುತ್ತ, ಮೊಣಕೈ ಮಡಿಕೆಯಲ್ಲಿ ತುರಿಕೆ. ನಮ್ಮ ಅವ್ವನಿಗೆ ಇದರ ಜೊತೆ ಉಬ್ಬಸವೂ ಇದೆ. ಅವಳು ಮಲಗುವ ಕೋಣೆಯ ಕಿಟಕಿ ಸರಿಯಾಗಿ ಆ ಸೈಟಿನ ಕಡೆಗೇ ಇದೆ. ಎರಡು ವರ್ಷ ಆಗಸ್ಟ್‌ನಿಂದ ನವೆಂಬರ್‌ವರೆಗೆ ಆ ಕಿಟಕಿ ತೆಗೆದಿರಲಿಲ್ಲ. ರಾತ್ರಿ ಎರಡು ಗಂಟೆಗೆ ಎದ್ದು ಕೂತು ಇನ್‌ಹೇಲರ್ ಎಳೆದುಕೊಳ್ಳುವ ಅವಳನ್ನು ನೋಡಿದ ಮೇಲೆ ಸೈಟು ಕ್ಲೀನ್ ಮಾಡಿಸುವುದು ನನಗೆ ಔಷಧಿ ಕೊಡಿಸಿದಷ್ಟೇ ಮುಖ್ಯವಾಯಿತು.

ಅದಕ್ಕೂ ಮುಂಚೆ ಒಮ್ಮೆ ಕಳೆನಾಶಕ ಹೊಡೆಸಿದ್ದೆ. ಒಬ್ಬರು ಬೆನ್ನಿಗೆ ಕ್ಯಾನು ಕಟ್ಟಿಕೊಂಡು ಬಂದು ಮಧ್ಯಾಹ್ನದ ಗಾಳಿಯಲ್ಲೇ ಹೊಡೆದು ಹೋದರು. ಹದಿನೈದು ದಿನಕ್ಕೆ ಎಲ್ಲ ಒಣಗಿತು. ಜೊತೆಗೆ ಹಿಂದಿನ ಮನೆಯವರ ನುಗ್ಗೆ ಗಿಡವೂ ಒಣಗಿತು. ಅವರು ನನಗೆ ಏನೂ ಅನ್ನಲಿಲ್ಲ, ಅದೇ ನನಗೆ ಜಾಸ್ತಿ ನೋವಾಯಿತು. ಒಂದೂವರೆ ತಿಂಗಳಿಗೆ ಮತ್ತೆ ಹಸಿರು. ಆಮೇಲೆ ಓದಿ ತಿಳಿದುಕೊಂಡೆ: ಗ್ಲೈಫೋಸೇಟ್ ಅನ್ನುವ ಕಳೆನಾಶಕವನ್ನು ಕೀಟ ನಿಯಂತ್ರಣದ ಕೆಲಸಗಾರರೇ ಬಳಸಬೇಕು, ಬೇರೆ ಯಾರೂ ಹೊಡೆಯುವಂತಿಲ್ಲ ಅಂತ ಕೇಂದ್ರ ಸರ್ಕಾರ 2022ರಲ್ಲೇ ಆದೇಶ ಮಾಡಿತ್ತು. ನಾನು ಔಷಧಿ ಮಾರುವವಳು. ಡಬ್ಬಿ ಮೇಲೆ ಏನು ಬರೆದಿದೆ ಅಂತ ಅವತ್ತೇ ಕೇಳಬೇಕಿತ್ತು.

ಜೆಸಿಬಿಯವರನ್ನೂ ಕೇಳಿದೆ. ಟ್ರ್ಯಾಕ್ಟರು, ಕಸ ಸಾಗಿಸುವುದು ಎಲ್ಲ ಸೇರಿ 11,000 ರೂಪಾಯಿ ಅಂದರು. ಒಪ್ಪುವುದರಲ್ಲೇ ಇದ್ದೆ.

ಆಗ ಒಂದು ಸಂಜೆ ಮಗುವಿನ ಜ್ವರಕ್ಕೆ ಔಷಧಿ ತಗೊಳ್ಳಲು ಒಬ್ಬ ಹೆಣ್ಣುಮಗಳು ಬಂದಳು. ಆನಗೋಡು ಕಡೆಯವಳು, ತವರು ನಮ್ಮ ಬಡಾವಣೆಯಲ್ಲಿ. ಚಿಲ್ಲರೆ ಕೊಡುವಾಗ ಜೆಸಿಬಿಯವರ ಫೋನ್ ಬಂತು, ನಾನು ಮಾತಾಡಿದ್ದು ಅವಳಿಗೆ ಕೇಳಿಸಿತು. "ಅಕ್ಕಾರೆ, ಅಷ್ಟು ಮೇವು ಇಟ್ಕಂಡು ಮಿಷನ್ ಯಾಕೆ ಕರೆಸ್ತೀರಿ? ನಮ್ಮ ಮಾವನ ಮಂದೆ ಐತಲ್ಲ" ಅಂದಳು. ನನ್ನ ಕಣ್ಣಿಗೆ ಕಾಡಾಗಿದ್ದದ್ದು ಅವಳ ಕಣ್ಣಿಗೆ ಮೇವಾಗಿತ್ತು.

ಅವರ ಮಾವ, ನಾನು ಯಜಮಾನರು ಅಂತಲೇ ಕರೆಯುತ್ತೇನೆ, ಮಾರನೇ ದಿನ ಬೆಳಿಗ್ಗೆ ಬಸ್ಸಿನಲ್ಲಿ ಬಂದರು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ದೋಟಿ. ಅರವತ್ತು ದಾಟಿರಬೇಕು. ರೇಟು ಮಾತಾಡುವ ಮೊದಲೇ ಅವರು ಕೇಳಿದ ಪ್ರಶ್ನೆ: "ಔಷಧಿ ಹೊಡ್ಸೀರೇನ್ರಿ?" ಒಂದು ವರ್ಷದ ಮೇಲಾಯಿತು ಅಂದೆ. ಈ ಮಳೆಗಾಲದಲ್ಲಿ ಹೊಡೆಸಿದ್ದರೆ ನಾನು ಮಂದೆ ತರುತ್ತಿರಲಿಲ್ಲ ಅಂದರು.

ಆಮೇಲೆ ಸೈಟಿನೊಳಗೆ ಹೋದರು. ದೋಟಿಯಿಂದ ಗಿಡ ಸರಿಸುತ್ತಾ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದರು. ನಾನು ರಸ್ತೆಯಲ್ಲೇ ನಿಂತಿದ್ದೆ, ಹಾವಿನ ಭಯಕ್ಕೆ. ಅವರು ಅಲ್ಲಲ್ಲಿ ಬಗ್ಗಿ ಏನೋ ಎತ್ತಿಕೊಳ್ಳುತ್ತಿದ್ದರು. ವಾಪಸು ಬಂದಾಗ ಎಡಗೈ ತುಂಬ ಪ್ಲಾಸ್ಟಿಕ್ ಇತ್ತು: ಹಾಲಿನ ಕವರು, ಗುಟ್ಕಾ ಚೀಟಿ, ಎಣ್ಣೆ ಪಾಕೀಟು. ಮಂಡಕ್ಕಿ ಕಟ್ಟಿಕೊಟ್ಟಿದ್ದ ತೆಳು ಕವರೊಂದನ್ನು ಬಿಡಿಸಿ ತೋರಿಸಿದರು. ಒಳಗೆ ಇನ್ನೂ ಖಾರದ ಎಣ್ಣೆ ಅಂಟಿತ್ತು. "ಉಪ್ಪು ವಾಸನೆಗೆ ಇದನ್ನ ತಿಂತಾವ್ರಿ. ತಿಂದದ್ದು ಹೊರಗೆ ಬರಲ್ಲ. ಹೊಟ್ಟೆಯಾಗೇ ಗಂಟಾಗಿ ಕುಂತು ಒಂದಿನ ಆಡು ಮಲಗಿಬಿಡ್ತೈತೆ. ಇದೆಲ್ಲ ಆರಿಸಿಡ್ರಿ, ಆಮೇಲೆ ಬರ್ತೀನಿ" ಅಂದರು.

ಮುಂದಿನ ಭಾನುವಾರ ನಾನು, ನನ್ನ ತಮ್ಮನ ಮಗ ಮತ್ತು ಎದುರು ಮನೆಯ ಇಬ್ಬರು ಹುಡುಗರು ಬೂಟು, ಗ್ಲೌಸು ಹಾಕಿಕೊಂಡು ಆರಿಸಿದೆವು. ಏಳು ಗೊಬ್ಬರದ ಚೀಲ ತುಂಬಿತು! ಒಡೆದ ಬಾಟಲಿಯ ಚೂರೇ ಒಂದು ಬಕೆಟ್. ಇಷ್ಟು ವರ್ಷ ನಮ್ಮ ಬೀದಿಯವರೆಲ್ಲ ಅಲ್ಲಿಗೆ ಏನೇನು ಎಸೆದಿದ್ದೇವೆ ಅಂತ ಆವತ್ತು ಕಣ್ಣಾರೆ ಕಂಡೆ. ನೀವೂ ಆಡು ಕರೆಸುವುದಾದರೆ ಈ ಕೆಲಸಕ್ಕೆ ಒಂದು ಪೂರ್ತಿ ದಿನ ಎತ್ತಿಡಿ. ಇದನ್ನು ಕೇಳದೆ ನೇರ ಮಂದೆ ನುಗ್ಗಿಸುವವರು ಯಾರಾದರೂ ಸಿಕ್ಕರೆ ಅವರನ್ನು ಕರೆಸಬೇಡಿ.

ಅವರು ಸೆಪ್ಟೆಂಬರ್‌ನಲ್ಲಿ ಯಾಕೆ ಸಿಕ್ಕರು ಅನ್ನುವುದೂ ಮುಖ್ಯ. ಆ ಹೊತ್ತಿಗೆ ಭದ್ರಾ ನಾಲೆ ಬಯಲಿನಲ್ಲೆಲ್ಲ ಭತ್ತ ನಿಂತಿರುತ್ತದೆ, ಆನಗೋಡು, ಜಗಳೂರು ಕಡೆ ಮೆಕ್ಕೆಜೋಳ ನಿಂತಿರುತ್ತದೆ. ಮಂದೆಗೆ ಕಾಲಿಡಲು ಜಾಗ ಇರುವುದಿಲ್ಲ. ಸುಗ್ಗಿ ಮುಗಿದ ಮೇಲೆ ರೈತರೇ ಕರೆದು ಹೊಲದಲ್ಲಿ ಮಂದೆ ತರುಬಿಸುತ್ತಾರೆ, ಗೊಬ್ಬರಕ್ಕೆ ಅಂತ ಕಾಳೋ ಕಾಸೋ ಕೊಡುತ್ತಾರೆ. ಆಗ ಇವರು ದಾವಣಗೆರೆ ಕಡೆ ತಲೆ ಹಾಕುವುದಿಲ್ಲ. ಅವರಿಗೆ ಮೇವಿಲ್ಲದ ತಿಂಗಳು, ನಮ್ಮ ಸೈಟುಗಳಲ್ಲಿ ಕಾಡು ಬೆಳೆದ ತಿಂಗಳು ಎರಡೂ ಒಂದೇ. ಹಾಗಾಗಿ ಹೊಂದಿಕೆ ಆಯಿತು.

ಅಮೆರಿಕದಲ್ಲೂ ಹೀಗೆ ಮಾಡುತ್ತಾರೆ ಅಂತ ತಮ್ಮನ ಮಗ ಮೊಬೈಲಿನಲ್ಲಿ ತೋರಿಸಿದ. 2009ರಲ್ಲಿ ಗೂಗಲ್ ಕಂಪನಿ ಕ್ಯಾಲಿಫೋರ್ನಿಯಾದ ತನ್ನ ಆಫೀಸಿನ ಸುತ್ತ ಹುಲ್ಲು, ಪೊದೆ ತೆಗೆಯಲು ಸುಮಾರು 200 ಆಡು ಬಾಡಿಗೆಗೆ ತರಿಸಿತ್ತಂತೆ. 2013ರಲ್ಲಿ ಶಿಕಾಗೋದ ವಿಮಾನ ನಿಲ್ದಾಣದಲ್ಲಿ ಬಿಟ್ಟಿದ್ದಾರೆ. 2019ರಲ್ಲಿ ನ್ಯೂಯಾರ್ಕಿನ ಒಂದು ಉದ್ಯಾನದ ಇಳಿಜಾರಿನಲ್ಲಿ 24 ಆಡು ಬಿಟ್ಟಿದ್ದಾರೆ. ಮನುಷ್ಯರು ಮುಟ್ಟಿದರೆ ಮೈ ಬೊಬ್ಬೆ ಏಳುವ ಒಂದು ಬಳ್ಳಿ ಅಲ್ಲಿದೆ, ಅದನ್ನು ಆಡು ಸಲೀಸಾಗಿ ತಿನ್ನುತ್ತವಂತೆ. ಅಲ್ಲಿ ಕೆಲವು ಕಡೆ ಸಣ್ಣಗೆ ಕರೆಂಟು ಹರಿಯುವ ಬಲೆ ಕಟ್ಟುತ್ತಾರೆ. ನಮ್ಮಲ್ಲಿ ನೈಲಾನ್ ಬಲೆ, ಒಂದು ನಾಯಿ, ಯಜಮಾನರ ಗಂಟಲು. ಅವರು "ಹೆರ್ರ್ರ್" ಅಂತ ಒಂದು ಕೂಗು ಹಾಕಿದರೆ 28 ತಲೆಯೂ ಮೇಲೇಳುತ್ತಿದ್ದವು.

ಬರಬೇಕಾದ ದಿನ ಬರಲಿಲ್ಲ, ಫೋನೂ ಎತ್ತಲಿಲ್ಲ. ನಾನು ಅಂಗಡಿ ಮುಚ್ಚಿ ಕಾದಿದ್ದೆ. ಮಾರನೇ ದಿನ ಟಾಟಾ ಏಸ್ ಗಾಡಿಯಲ್ಲಿ ಎರಡು ಟ್ರಿಪ್ಪಿನಲ್ಲಿ ತಂದು ಇಳಿಸಿದರು. ಹಿಂದಿನ ರಾತ್ರಿ ಒಂದು ಆಡು ಈದಿತ್ತಂತೆ, ಫೋನು ಮನೆಯಲ್ಲೇ ಉಳಿದಿತ್ತಂತೆ. ಕಾರಣ ಸರಿಯೇ, ಆದರೂ ಒಂದು ಮಾತು ಹೇಳಿಸಬಹುದಿತ್ತು.

ಲಸಿಕೆ ಕೇಳಿದೆ. ಪಿಪಿಆರ್ ಮತ್ತು ಕರುಳುಬೇನೆ ಎರಡಕ್ಕೂ ಹಾಕಿಸಿದ್ದರು, ಮಳೆಗಾಲದ ಮುಂಚೆ ಜಂತಿನ ಔಷಧಿಯನ್ನೂ ಕುಡಿಸಿದ್ದರು. ಪಿಪಿಆರ್ ಒಂದು ಆಡಿಗೆ ಬಂದರೆ ಮಂದೆಗೇ ಹರಡುವ ಕಾಯಿಲೆ. ಊರೊಳಗೆ ಅಲ್ಲಲ್ಲಿ ಮನೆಯವರು ಸಾಕಿದ ಒಂದೆರಡು ಆಡು ಇರುತ್ತವೆ, ಅವುಗಳಿಗೂ ತಗಲುತ್ತದೆ. ಹಾಗಾಗಿ ಕೇಳುವುದು ಒಳ್ಳೆಯದು.

ಇಳಿಸಿದ ತಕ್ಷಣ ಸೈಟಿಗೆ ಬಿಡುತ್ತಾರೆ ಅಂದುಕೊಂಡಿದ್ದೆ. ಇಲ್ಲ. ಗಾಡಿಯಲ್ಲೇ ತಂದಿದ್ದ ಒಣ ಸೊಪ್ಪೆ ಒಂದೊಂದು ಹಿಡಿ ಹಾಕಿ ಅರ್ಧ ಗಂಟೆ ನಿಲ್ಲಿಸಿದರು. ಹೊಟ್ಟೆ ತುಂಬಿಸಿದರೆ ಕೆಲಸ ಹೇಗಾಗುತ್ತದೆ ಅಂತ ಕೇಳಿದೆ. ಆಗ ಅವರು ಹೇಳಿದ್ದು: "ಹಸಿದ ಆಡು ಕಂಡದ್ದು ತಿಂತೈತ್ರಿ. ಅರೆಹೊಟ್ಟೆ ಆಡು ಆರಿಸಿ ತಿಂತೈತೆ." ಸೈಟಿನ ಮೂಲೆಯಲ್ಲಿದ್ದ ಲಂಟಾನದ ಪೊದೆ ಅವರ ಮನಸ್ಸಿನಲ್ಲಿತ್ತು. ಅದರ ಎಲೆ ಜಾಸ್ತಿ ತಿಂದರೆ ಆಡಿನ ಈಲಿ ಕೆಡುತ್ತದೆ. ಕಾಮಾಲೆ ಬರುತ್ತದೆ, ಬಿಸಿಲಿಗೆ ಮೂತಿ, ಕಿವಿಯ ಚರ್ಮ ಸುಲಿಯುತ್ತದೆ. ಹೊಸ ಜಾಗಕ್ಕೆ ಹಸಿದು ಬಂದ ಆಡೇ ಅದಕ್ಕೆ ಬಾಯಿ ಹಾಕುವುದು ಅಂತ ಅವರು ಕಂಡು ತಿಳಿದಿದ್ದರು. ಆ ಪೊದೆಯನ್ನು ಅವರೇ ಮಚ್ಚಿನಿಂದ ಕಡಿದು ಹೊರಗೆ ಎಳೆದು ಹಾಕಿದರು. ಪಕ್ಕದ ಮನೆಯವರ ಕಾಂಪೌಂಡಿನಿಂದ ಕಣಗಿಲೆ ಕೊಂಬೆ ಈಚೆಗೆ ಬಾಗಿತ್ತು. ಅದನ್ನು ಕಂಡ ಕೂಡಲೇ ಮನೆಯವರನ್ನು ಕರೆದು ಕತ್ತರಿಸಿಸಿದರು, ಕತ್ತರಿಸಿದ ಎಲೆಯನ್ನು ಒಂದೂ ಬಿಡದೆ ಗುಡಿಸಿ ಚೀಲಕ್ಕೆ ತುಂಬಿದರು. ಒಣಗಿದ ಕಣಗಿಲೆ ಎಲೆಯೂ ವಿಷವೇ. ಕೆಲವೇ ಎಲೆಗೆ ಒಂದು ಆಡು ಹೋಗಬಹುದು.

ನಾನು ಕೊಟ್ಟ ದುಡ್ಡು ಈ ಕಣ್ಣಿಗೆ. ತಿನ್ನುವುದು ಆಡಿಗೆ ಹುಟ್ಟಿನಿಂದ ಬರುತ್ತದೆ. ಏನು ತಿನ್ನಬಾರದು ಅಂತ ನೋಡಿಕೊಳ್ಳುವುದಕ್ಕೆ ನಲವತ್ತು ವರ್ಷ ಮಂದೆಯ ಹಿಂದೆ ನಡೆದವರೇ ಬೇಕು.

ಬಿಟ್ಟ ಮೇಲೆ ಮೊದಲ ಎರಡು ತಾಸು ನಾನು ಅಲ್ಲಿಂದ ಕದಲಲಿಲ್ಲ. ಬಾರೆ (ಎಲಚಿ) ಗಿಡದ ಹತ್ತಿರ ಒಂದು ಕಂದು ಆಡು, ಎಡಗಿವಿ ಸ್ವಲ್ಪ ಹರಿದದ್ದು, ಮೂತಿ ಇಟ್ಟಿತ್ತು. ಬಾರೆಗೆ ಕೊಕ್ಕೆಯಂಥ ಮುಳ್ಳು, ನಾವು ಕೈ ಹಾಕಿದರೆ ಬಟ್ಟೆ ಹಿಡಿದು ಎಳೆಯುತ್ತದೆ. ಆಡಿನ ಮೇಲ್ತುಟಿ ಎರಡು ಬೆರಳಿದ್ದ ಹಾಗೆ. ಮುಳ್ಳಿನ ನಡುವೆ ಅದನ್ನು ತೂರಿಸಿ, ಎಲೆಯನ್ನಷ್ಟೇ ಹಿಡಿದು, ತಲೆಯನ್ನು ಸ್ವಲ್ಪ ಓರೆ ಮಾಡಿ ಎಳೆಯುತ್ತಿತ್ತು. ಚರ್, ಚರ್ ಅಂತ ಸದ್ದು. ಒಂದು ಮುಳ್ಳೂ ಚುಚ್ಚಿಸಿಕೊಳ್ಳದೆ ಕಡ್ಡಿಯ ಒಂದು ಬದಿ ಬರಿದು ಮಾಡಿ ಇನ್ನೊಂದು ಬದಿಗೆ ಹೋಯಿತು. ಆಚೆ ಕಡೆ ಒಂದು ಹೋತ ಸುಬಾಬುಲ್ ಮರಕ್ಕೆ ಮುಂಗಾಲು ಊರಿ ಎದ್ದು ನಿಂತು, ನನ್ನ ಎತ್ತರದ ಕೊಂಬೆಯನ್ನು ಬಾಯಲ್ಲಿ ಹಿಡಿದು ಬಗ್ಗಿಸಿತು. ಕೊಂಬೆ ಕೆಳಗೆ ಬಂದ ಕೂಡಲೇ ಸುತ್ತಲಿನ ಮರಿಗಳೆಲ್ಲ ಓಡಿ ಬಂದು ಅದಕ್ಕೆ ಮುಗಿಬಿದ್ದವು. ಮೆಷೀನು ಮೇಲಿಂದ ಒಮ್ಮೆಗೇ ಕೆರೆಯುತ್ತದೆ. ಆಡು ಪದರ ಪದರವಾಗಿ ಬಿಚ್ಚುತ್ತಾ ಹೋಗುತ್ತದೆ. ಮೊದಲು ಕಾಡು ತೊಂಡೆ ಬಳ್ಳಿ, ಸುಬಾಬುಲ್ ಚಿಗುರು. ಎರಡನೇ ದಿನ ಬಾರೆ, ಬೇವಿನ ಮರಿಗಿಡ, ಎಳೆ ಉತ್ತರಾಣಿ. ಹುಲ್ಲು ಕೊನೆಗೆ. ಹುಲ್ಲೇ ಜಾಸ್ತಿ ಇರುವ ಜಾಗವಾದರೆ ಕುರಿ ಕರೆಸಿ, ಪೊದೆ ಬಳ್ಳಿ ಇದ್ದರೆ ಆಡು ಕರೆಸಿ ಅಂತ ಯಜಮಾನರೇ ಹೇಳಿದರು.

ದೊಡ್ಡ ಆಡೊಂದು ದಿನಕ್ಕೆ ಹೆಚ್ಚು ಕಡಿಮೆ ನಾಲ್ಕು ಕೆ.ಜಿ. ಹಸಿ ಸೊಪ್ಪು ತಿನ್ನುತ್ತದೆ ಅಂತ ಇಟ್ಟುಕೊಂಡರೂ 28 ಆಡಿಗೆ ದಿನಕ್ಕೆ ಒಂದು ಕ್ವಿಂಟಲ್ ಮೇಲಾಯಿತು. ಅಷ್ಟನ್ನು ಕಡಿದು, ಕಟ್ಟಿ, ಟ್ರ್ಯಾಕ್ಟರಿಗೆ ಹೇರಿಸಿ ಊರಾಚೆ ಸುರಿಯುವ ಬದಲು ಅದು ಅಲ್ಲೇ ಹಿಕ್ಕೆಯಾಗಿ ಉದುರಿತು. ಗಬ್ಬು ನಾತ ಬರುತ್ತದೆ ಅಂತ ಬೀದಿಯವರು ಹೆದರಿದ್ದರು. ಹಿಕ್ಕೆ ಅಷ್ಟೇನೂ ನಾರುವುದಿಲ್ಲ, ಬೇಗ ಒಣಗುತ್ತದೆ. ಹೋತದ ವಾಸನೆ ಮಾತ್ರ ನಿಜ. ಗಾಳಿ ನಮ್ಮ ಕಡೆ ತಿರುಗಿದ ದಿನ ಅಡುಗೆಮನೆವರೆಗೆ ಬಂತು.

"ಆಡು ಮುಟ್ಟದ ಸೊಪ್ಪಿಲ್ಲ" ಅಂತ ಗಾದೆ ಕೇಳಿ ಬೆಳೆದವಳು ನಾನು. ಎಲ್ಲವನ್ನೂ ತಿಂದು ಮುಗಿಸುತ್ತವೆ ಅಂತಲೇ ನಂಬಿದ್ದೆ. ಆದರೆ ಮೂರನೇ ದಿನವೂ ಎಕ್ಕದ ಗಿಡ ಹಾಗೇ ನಿಂತಿತ್ತು, ಕಾಂಗ್ರೆಸ್ ಗಿಡವೂ ಹಾಗೇ ನಿಂತಿತ್ತು. ಗಾದೆ ನೆನಪಿಸಿದ್ದಕ್ಕೆ ಯಜಮಾನರು, "ಮುಟ್ತಾವೆ ಅಕ್ಕಾರೆ. ತಿನ್ನಲ್ಲ" ಅಂದರು. ಆಮೇಲೆ ಗಮನವಿಟ್ಟು ನೋಡಿದೆ. ನಿಜ. ಪ್ರತಿ ಆಡೂ ಕಾಂಗ್ರೆಸ್ ಗಿಡದ ಹತ್ತಿರ ಹೋಗುತ್ತದೆ, ಮೂಸುತ್ತದೆ, ತುಟಿ ತಾಗಿಸುತ್ತದೆ, ಪಕ್ಕಕ್ಕೆ ತಿರುಗುತ್ತದೆ. ಬೇರೆ ಏನೂ ಸಿಗದೆ ಅದನ್ನೇ ತಿಂದರೆ ಬಾಯಿ ಹುಣ್ಣಾಗುತ್ತದೆ, ಹಾಲು ಕಹಿಯಾಗುತ್ತದೆ.

ಅಂದರೆ ಯಾವ ಗಿಡಕ್ಕೋಸ್ಕರ ನಾನು ಇಷ್ಟೆಲ್ಲ ಮಾಡಿಸಿದೆನೋ ಆ ಗಿಡವನ್ನು ಆಡು ತೆಗೆಯಲಿಲ್ಲ. ಇದನ್ನು ಮುಚ್ಚಿಡದೆ ಹೇಳಬೇಕು. ಕಾಂಗ್ರೆಸ್ ಗಿಡ ಒಂದೇ ಇರುವ ಸೈಟಿಗೆ ಆಡು ಕರೆಸಬೇಡಿ, ದುಡ್ಡು ದಂಡ. ನಮ್ಮಲ್ಲಿ ಆದ ಉಪಕಾರ ಬೇರೆ ರೀತಿಯದು. ಬಳ್ಳಿ, ಪೊದೆ ಎಲ್ಲ ಹೋದ ಮೇಲೆ ಕಾಂಗ್ರೆಸ್ ಗಿಡಗಳು ಒಂಟಿಯಾಗಿ ಕಣ್ಣಿಗೆ ಬಿದ್ದವು, ಬುಡಕ್ಕೆ ಕೈ ಹೋಯಿತು. ಮುಂಚೆ ಆ ಮುಳ್ಳಿನೊಳಗೆ ಇಳಿಯಲು ಯಾವ ಕೂಲಿಯವರೂ ಒಪ್ಪಿರಲಿಲ್ಲ. ಈಗ ಇಬ್ಬರು ಬಂದರು. ಹಿಂದಿನ ರಾತ್ರಿ ಮಳೆಯಾಗಿ ನೆಲ ಮೆತ್ತಗಿತ್ತು. ತುಂಬು ತೋಳಿನ ಅಂಗಿ, ಗ್ಲೌಸು, ಮಾಸ್ಕು ಕೊಟ್ಟೆ. ಬೇರು ಸಮೇತ ಕಿತ್ತರು. ಹೂ ಬಿಟ್ಟಿದ್ದನ್ನು ಮೊದಲು ಚೀಲಕ್ಕೆ ಹಾಕಿಸಿದೆ, ಯಾಕೆಂದರೆ ಒಂದೇ ಗಿಡ ಸಾವಿರಾರು ಬೀಜ ಉದುರಿಸುತ್ತದೆ. ಸುಡಲು ಬಿಡಲಿಲ್ಲ, ಆ ಹೊಗೆ ಅವ್ವನಿಗೆ ಇನ್ನೂ ಕಷ್ಟ. ಕೀಳುವಾಗ ಎಲೆಯ ಮೇಲೆ ಸಣ್ಣ ಬಿಳಿ ಹುಳ ಕಂಡವು, ಬೆನ್ನಿನ ಮೇಲೆ ಕಂದು ಗೆರೆ. ಕಾಂಗ್ರೆಸ್ ಗಿಡ ತಿನ್ನಲಿ ಅಂತಲೇ ಮೆಕ್ಸಿಕೋದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಹುಳ ಅದು. ಆಡು ಬಿಟ್ಟ ಗಿಡವನ್ನು ಅದು ತಿನ್ನುತ್ತಿತ್ತು, ಎಲೆ ಜರಡಿಯಾಗಿತ್ತು. ಆ ಹುಳ ಇದ್ದ ಮೂಲೆಯಲ್ಲಿ ಹೂ ಬಿಡದ ಹತ್ತಿಪ್ಪತ್ತು ಗಿಡ ಹಾಗೇ ಬಿಡಿಸಿದೆ.

ಬಳ್ಳಾರಿ ಜಾಲಿಯ ವಿಷಯ ಇನ್ನೊಂದು. ಅದರ ಎಲೆಯನ್ನು ಆಡು ಅಷ್ಟಾಗಿ ತಿನ್ನುವುದಿಲ್ಲ. ಕಾಯಿ ಅಂದರೆ ಪ್ರಾಣ, ಸಿಹಿ ಇರುತ್ತದೆ. ತೊಂದರೆ ಅಲ್ಲೇ ಇರುವುದು. ಬೀಜ ಹೊಟ್ಟೆಯಲ್ಲಿ ಕರಗದೆ ಹಿಕ್ಕೆಯ ಜೊತೆ ಹೊರಗೆ ಬಿದ್ದು ಚೆನ್ನಾಗಿಯೇ ಮೊಳೆಯುತ್ತದೆ. 19ನೇ ಶತಮಾನದಲ್ಲಿ ಹೊರದೇಶದಿಂದ ತಂದು ನೆಟ್ಟ ಗಿಡ ಇವತ್ತು ಚಳ್ಳಕೆರೆ, ಹಿರಿಯೂರು, ಬಳ್ಳಾರಿ ತುಂಬ ಹಬ್ಬಿರುವುದಕ್ಕೆ ದನ, ಆಡುಗಳ ಹೊಟ್ಟೆಯೂ ಒಂದು ಕಾರಣ. ಹಾಗಾಗಿ ಜಾಲಿ ಕಾಯಿ ಬಿಟ್ಟಿರುವಾಗ ಆಡು ಬಿಡಿಸಲೇಬಾರದು. ನಮ್ಮ ಸೈಟಿನ ಒಂಬತ್ತು ಗಿಡದಲ್ಲಿ ಆಗ ಕಾಯಿ ಇರಲಿಲ್ಲ. ಯಜಮಾನರು ಅದನ್ನೂ ಮೊದಲ ದಿನವೇ ತಲೆಯೆತ್ತಿ ನೋಡಿಕೊಂಡಿದ್ದರು. ಜಾಲಿಯನ್ನು ನೆಲಮಟ್ಟಕ್ಕೆ ಕಡಿದರೆ ದುಪ್ಪಟ್ಟು ಚಿಗುರುತ್ತದೆ. ಬುಡವನ್ನು ಒಂದಡಿ ಅಗೆದು ಗೆಡ್ಡೆ ಸಮೇತ ತೆಗೆಸಬೇಕು. ಅದೇ ಇಬ್ಬರು ಕೂಲಿಯವರು ಹಾರೆ ಹಿಡಿದು ತೆಗೆದರು.

ರಾತ್ರಿಯ ಕಷ್ಟ ನನಗೆ ಮೊದಲು ಹೊಳೆದಿರಲಿಲ್ಲ. ಊರಲ್ಲಾದರೆ ಮುಳ್ಳು ಕಟ್ಟಿದ ರೊಪ್ಪ ಇರುತ್ತದೆ. ಇಲ್ಲಿ ಬೀದಿ ನಾಯಿ. ಮೊದಲ ರಾತ್ರಿ ಒಂದು ಗಂಟೆಗೆ ಎಂಟು ಹತ್ತು ನಾಯಿ ಬಲೆಯ ಸುತ್ತ ಸೇರಿಬಿಟ್ಟವು. ಯಜಮಾನರೂ ಅವರ ಮೊಮ್ಮಗನೂ ಬ್ಯಾಟರಿ ಹಿಡಿದು ಬೆಳಗಿನವರೆಗೆ ಕೂತಿದ್ದರು. ಎರಡನೇ ದಿನದಿಂದ ನಮ್ಮ ಕಾರ್ ಶೆಡ್ಡಿನೊಳಗೆ ಆಡು ಕೂಡಿ ಗೇಟು ಹಾಕಿದೆವು. ಮುಚ್ಚಿದ ಜಾಗ ಇಲ್ಲದವರು ಬೆಳಿಗ್ಗೆ ತಂದು ಸಂಜೆ ಒಯ್ಯುವ ಹಾಗೆ ಮಾತಾಡಿಕೊಳ್ಳಿ. ಗಾಡಿ ಬಾಡಿಗೆ ಜಾಸ್ತಿ ಆಗುತ್ತದೆ, ಆದರೂ ಅದೇ ವಾಸಿ.

ಎರಡನೇ ದಿನ ಹಿಂದಿನ ಬೀದಿಯಲ್ಲಿ ಗೃಹಪ್ರವೇಶ ಇತ್ತು. ಮಿಕ್ಕ ಅನ್ನ, ಪಾಯಸ ಒಂದು ದೊಡ್ಡ ಬೋಗುಣಿಯಲ್ಲಿ ತಂದರು, ಆಡಿಗೆ ಹಾಕಲು. ಪ್ರೀತಿಯಿಂದಲೇ ತಂದದ್ದು. ಯಜಮಾನರು ಎರಡೂ ಕೈ ಮುಗಿದು, "ತಾಯಿ, ಬ್ಯಾಡ್ರಿ" ಅಂದರು. ಅನ್ನ ಒಮ್ಮೆಗೇ ಜಾಸ್ತಿ ತಿಂದರೆ ಆಡಿನ ಹೊಟ್ಟೆ ಹುಳಿಯಾಗಿ ಉಬ್ಬರಿಸಿ ಒಂದೆರಡು ದಿನದಲ್ಲೇ ಸಾಯಬಹುದು. ಆ ಹೆಂಗಸು ಬೇಜಾರು ಮಾಡಿಕೊಳ್ಳದೆ ಅದನ್ನು ಯಜಮಾನರಿಗೂ ಮೊಮ್ಮಗನಿಗೂ ಬಡಿಸಿ ಹೋದರು.

ಮೂರನೇ ದಿನ ಮಧ್ಯಾಹ್ನ ಮೊಮ್ಮಗ ನೀರು ತುಂಬಿಸಲು ಹೋದಾಗ ಒಂದು ಹೋತ ಮೂರಡಿ ಕಾಂಪೌಂಡು ಹಾರಿ ಪಕ್ಕದ ಮನೆಗೆ ನುಗ್ಗಿತು. ಐದು ನಿಮಿಷ ಆಗಿರಬಹುದು. ದಾಸವಾಳ ಅರ್ಧ, ಕರಿಬೇವಿನ ಸಸಿ ಪೂರ್ತಿ ಹೋಯಿತು. ಅವರು ಸಿಟ್ಟಾದರು, ಆಗಬೇಕಾದ್ದೇ. ಯಜಮಾನರು ತಮ್ಮ ಕೂಲಿಯಲ್ಲಿ ಹಿಡಿದುಕೊಳ್ಳಿ ಅಂದರು. ನಾನು ಹಿಡಿಯಲಿಲ್ಲ, ನರ್ಸರಿಯಿಂದ ಎರಡು ಗಿಡ ತಂದು ನೆಟ್ಟುಕೊಟ್ಟೆ. ಆದರೆ 28 ಆಡಿಗೆ ಇಬ್ಬರು ಸಾಲುವುದಿಲ್ಲ. ಮೂರನೆಯವರು ಬೇಕು ಅಂತ ಅವತ್ತೇ ಹೇಳಿದೆ, ಮರುದಿನದಿಂದ ಸೊಸೆಯೂ ಬಂದಳು.

ನಾಲ್ಕನೇ ದಿನ ಒಂದು ಕೆರೆಹಾವು ಸೈಟಿನಿಂದ ಎದ್ದು ಚರಂಡಿ ಕಡೆ ಹೋಯಿತು. ಪೊದೆ ಕರಗುತ್ತಾ ಬಂದ ಹಾಗೆ ಒಳಗಿದ್ದವು ಹೊರಗೆ ಬರುತ್ತವೆ. ಸುತ್ತಲಿನ ನಾಲ್ಕು ಮನೆಗೆ ಮುಂಚೆಯೇ ಹೇಳಿ, ಬಾಗಿಲ ಸಂದಿಗೆ ಬಟ್ಟೆ ಇಡಿಸಿ. ನಾನು ಹೇಳಿದ್ದರಿಂದ ಯಾರೂ ಕೋಲು ಹಿಡಿದು ಓಡಲಿಲ್ಲ.

ಅದೇ ದಿನ ಸಂಜೆ ಯಜಮಾನರು ನನ್ನನ್ನು ಕೂಗಿದರು. ಸೈಟಿನ ನೈಋತ್ಯ ಮೂಲೆಯಲ್ಲಿ ಒಂದು ಕಲ್ಲು ಕಂಡಿತ್ತು. ಉತ್ತರಾಣಿಯನ್ನೆಲ್ಲ ತಿಂದು, ಅದರ ಬುಡದ ಹುಲ್ಲನ್ನೂ ಆಡುಗಳು ಕಿತ್ತಿದ್ದವು. ಅಪ್ಪ ನೆಡಿಸಿದ ಗಡಿಕಲ್ಲು ಅದು. ಸೈಟ್ ನಂಬರನ್ನು ಅಪ್ಪನೇ ಕೆಂಪು ಬಣ್ಣದಲ್ಲಿ ಬರೆದಿದ್ದರು. 4ನ್ನು ಅವರು ಮೇಲೆ ಮುಚ್ಚಿ ಬರೆಯುತ್ತಿದ್ದರು, ಬ್ಯಾಂಕ್ ಪಾಸ್‌ಬುಕ್ಕಿನಲ್ಲೂ ಹಾಗೆಯೇ. ಬಣ್ಣ ಮಾಸಿದ್ದರೂ ಆ 4 ಗೊತ್ತಾಯಿತು. ಅಪ್ಪ ಹೋಗಿ ಆರು ವರ್ಷ. ಜೆಸಿಬಿಯ ಬಕೆಟ್ ಬಂದಿದ್ದರೆ ಆ ಕಲ್ಲು ಮಣ್ಣಿನ ಜೊತೆ ಎದ್ದು ಎಲ್ಲೋ ಹೋಗುತ್ತಿತ್ತು, ನನಗೆ ಗೊತ್ತೂ ಆಗುತ್ತಿರಲಿಲ್ಲ. ಅವ್ವನನ್ನು ಕರೆದುಕೊಂಡು ಬಂದು ತೋರಿಸಿದೆ. ಅವಳು ಸೆರಗಿನಿಂದ ಕಲ್ಲಿನ ಮೇಲಿನ ಮಣ್ಣು ಒರೆಸಿದಳು.

ಖರ್ಚು ಹೀಗಾಯಿತು. ಯಜಮಾನರಿಗೆ ಆರು ದಿನಕ್ಕೆ 7,500 ರೂಪಾಯಿ. ಗಾಡಿ ಬಾಡಿಗೆ ಹೋಗಿ ಬರಲು 1,600. ಇಬ್ಬರು ಕೂಲಿಯವರಿಗೆ ಎರಡು ದಿನಕ್ಕೆ 2,800. ಗ್ಲೌಸು, ಮಾಸ್ಕು 240. ಪಕ್ಕದ ಮನೆಯ ಗಿಡಕ್ಕೆ 180. ಒಟ್ಟು 12,320. ಜೆಸಿಬಿಗಿಂತ 1,320 ಜಾಸ್ತಿ. ಜೊತೆಗೆ ಮೂರು ಹೊತ್ತು ಊಟ ನಮ್ಮ ಮನೆಯದು, ಅದನ್ನು ಲೆಕ್ಕ ಹಿಡಿದಿಲ್ಲ. ಬೆಂಗಳೂರಿನವರು ಅವರ ಪಾಲು ಅಂತ 4,000 ಕಳಿಸಿದರು. ಹರಿಹರದವರು ಫೋಟೋ ನೋಡಿ ಆಮೇಲೆ ಕೊಟ್ಟರು. ಅಗ್ಗ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನನ್ನ ಲೆಕ್ಕದಲ್ಲಿ ಜಾಸ್ತಿ ಕೊಟ್ಟದ್ದು ಸಾರ್ಥಕ. ಮೇಲ್ಮಣ್ಣು ಹೋಗಲಿಲ್ಲ, ಬೇವಿನ ಎರಡು ದೊಡ್ಡ ಮರ ಉಳಿದವು, ಹಿಂದಿನ ಮನೆಯ ನುಗ್ಗೆ, ಈ ಸಲ ಹೊಸದಾಗಿ ನೆಟ್ಟದ್ದು, ಹಾಗೇ ಇದೆ. ಸೇವೆಗೆ ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಒಂದು ಅಂಕ ಹೇಳದೆ ಒಂದು ದಿನ ತಡ ಮಾಡಿದ್ದಕ್ಕೆ ಮತ್ತು ಮೊದಲ ಮೂರು ದಿನ ಜನ ಕಡಿಮೆ ಇದ್ದದ್ದಕ್ಕೆ.

ಒಮ್ಮೆ ಬಿಡಿಸಿದರೆ ಮುಗಿಯಿತು ಅಂತಲ್ಲ. ಸುಬಾಬುಲ್ ಮೂರು ವಾರಕ್ಕೇ ಚಿಗುರಿತು. ಚಿಗುರಿದ್ದನ್ನು ಮತ್ತೆ ಮತ್ತೆ ತಿನ್ನಿಸಿದರೆ ಬೇರು ಸೋಲುತ್ತದೆ, ಅಲ್ಲಿಯವರೆಗೆ ಬಿಡಬಾರದು. ದೀಪಾವಳಿ ಕಳೆದು ಒಂದು ವಾರಕ್ಕೆ ಯಜಮಾನರು ಹತ್ತೇ ಆಡು ತಂದು ಎರಡು ದಿನ ಮೇಯಿಸಿದರು, ಎಲ್ಲ ಸೇರಿ 2,500 ತಗೊಂಡರು. ಬರಿದಾದ ನೆಲಕ್ಕೆ ನಾನು ತಗಚೆ ಬೀಜ, ಚೆಂಡು ಹೂವಿನ ಬೀಜ ಎರಚಿದೆ. ಇವು ದಟ್ಟವಾಗಿ ಬೆಳೆದ ಕಡೆ ಕಾಂಗ್ರೆಸ್ ಗಿಡಕ್ಕೆ ಜಾಗ ಸಿಗುವುದಿಲ್ಲ. ಆಮೇಲೆ ಎದ್ದ ಕಾಂಗ್ರೆಸ್ ಸಸಿಗಳನ್ನು ಬೆರಳುದ್ದ ಇರುವಾಗಲೇ ನಾನೇ ಕಿತ್ತೆ, ಬೆಳಿಗ್ಗೆ ಅಂಗಡಿಗೆ ಹೋಗುವ ಮುಂಚೆ ದಿನಾ ಹತ್ತು ನಿಮಿಷ. ಊರೆಲ್ಲ ಕಾಂಗ್ರೆಸ್ ಗಿಡ ಇರುವಾಗ ನಮ್ಮ ಮೂರು ಸೈಟಿನಿಂದ ಅವ್ವನ ಉಬ್ಬಸ ನಿಂತಿತು ಅಂತ ಹೇಳಲಾರೆ. ಈ ಚಳಿಗಾಲ ಇನ್‌ಹೇಲರ್ ಎರಡರ ಬದಲು ಒಂದೇ ಖಾಲಿಯಾಗಿದೆ, ಕಿಟಕಿ ತೆಗೆದಿದೆ.

ಮೊನ್ನೆ ಯಜಮಾನರಿಗೆ ಫೋನ್ ಮಾಡಿದ್ದೆ. ಮಂದೆ ಈಗ ಜಗಳೂರು ಕಡೆ ಇದೆಯಂತೆ. ಬಿತ್ತನೆ ಮುಗಿದ ಮೇಲೆ ಬರುತ್ತೇನೆ ಅಂದರು. "ಅಷ್ಟರಾಗೆ ಪ್ಲಾಸ್ಟಿಕ್ ಆರಿಸ್ತಾ ಇರ್ರಿ ಅಕ್ಕಾರೆ" ಅಂದರು. ಭಾನುವಾರ ಶುರು ಮಾಡಿದೆ. ಈ ಸಲ ಒಂದೂವರೆ ಚೀಲ ಆಯಿತು ಅಷ್ಟೇ. ಅವ್ವ ಬೇವಿನ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂತು, ನನಗೆ ಕಾಣದ ಕವರುಗಳನ್ನು ಕೋಲಿನಿಂದ ತೋರಿಸುತ್ತಿದ್ದಳು.